ಬೆವರು ಕಾಣದ ಬಿಸಿಲು: ಸೂಟಿಯಲ್ಲಿ ಮಕ್ಕಳು, ಹಿರಿಯರ ಜೊತೆ ವಿಜಯಪುರ, ಬಾದಾಮಿ, ಆಲಮಟ್ಟಿ ನೋಡುವ ಬಗೆ

ಶಾಲೆಗೆ ಸೂಟಿ ಬೀಳುವುದು ಏಪ್ರಿಲ್‌ನಲ್ಲಿ. ಊರಿಂದ ಮೊಮ್ಮಕ್ಕಳು ಬರುವುದು, ಬೀಗರು ಬರುವುದು, ಗೋಳಗುಮ್ಮಟ ನೋಡಬೇಕು, ಆಲಮಟ್ಟಿ ಗಾರ್ಡನ್ ನೋಡಬೇಕು ಎಂದು ಕ್ರೂಸರ್ ಗೊತ್ತು ಮಾಡುವುದು ಎಲ್ಲವೂ ಆಗಲೇ. ವಿಜಯಪುರ, ಬಾಗಲಕೋಟೆ ಕಡೆ ಉಷ್ಣತೆ 40 ಡಿಗ್ರಿ ದಾಟುವುದೂ ಆಗಲೇ. ಚಳಿಗಾಲದಲ್ಲಿ ಬನ್ನಿ ಎಂದರೆ ಮಕ್ಕಳಿಗೆ ರಜೆ ಇರುವುದಿಲ್ಲ. ಹಾಗಾಗಿ ಬಿಸಿಲಲ್ಲೇ ಹೋಗುವುದಾದರೆ ಹೇಗೆ ಹೋಗಬೇಕು ಎಂಬುದನ್ನೇ ನೋಡೋಣ.

ಮೊದಲು ಈ ನಾಡಿನ ಬಿಸಿಲಿನ ಗುಣ ತಿಳಿಯಬೇಕು. ಕರಾವಳಿಯಲ್ಲಿ ಗಾಳಿಯೇ ಹಸಿ, ಬೆವರು ಆರುವುದಿಲ್ಲ, ಅಂಗಿ ಮೈಗೆ ಅಂಟುತ್ತದೆ. ಸಾಕಾಯಿತು ಎಂದು ಮೈಯೇ ಹೇಳುತ್ತದೆ. ನಮ್ಮ ಬಯಲುಸೀಮೆಯಲ್ಲಿ ಗಾಳಿ ಒಣದು. ಬೆವರು ಮೂಡಿದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಒಳಗಿನ ನೀರು ಮಾತ್ರ ಖಾಲಿಯಾಗುತ್ತಿರುತ್ತದೆ. ಸಂಜೆ ಅಂಗಿ ಬಿಚ್ಚಿದಾಗ ಬೆನ್ನ ಮೇಲೆ ಬಿಳಿ ಗೆರೆ ಕಾಣುತ್ತದಲ್ಲ, ಅದು ಹೋದ ಉಪ್ಪಿನ ಲೆಕ್ಕ. ನೀರಡಿಕೆ ಅನ್ನಿಸುವುದು ಇಷ್ಟೆಲ್ಲ ಆದ ಮೇಲೆ. ವಯಸ್ಸಾದವರಿಗೆ ಇನ್ನೂ ತಡ, ಆಟದಲ್ಲಿ ಮುಳುಗಿದ ಮಕ್ಕಳಿಗೆ ಅನ್ನಿಸುವುದೇ ಇಲ್ಲ. ಅದಕ್ಕೇ ಇಲ್ಲಿ ಮೈಯನ್ನು ಕೇಳಿ ನಡೆಯಬೇಡಿ, ಗಡಿಯಾರ ನೋಡಿ ನಡೆಯಿರಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಬೆಳಗಾವಿಯಿಂದ ಬರುವವರು ಇನ್ನೊಂದು ಸಂಗತಿ ಗಮನಿಸಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಸಹ್ಯಾದ್ರಿಯ ಪಕ್ಕದಲ್ಲಿದೆ. ಅಲ್ಲಿನ ಹವೆಗೆ ಒಗ್ಗಿದ ಮೈ ವಿಜಯಪುರದ ಝಳಕ್ಕೆ ಒಗ್ಗಲು ಒಂದೆರಡು ವಾರ ಬೇಕು. ಎರಡು ದಿನದ ಪ್ರವಾಸದಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಮೊದಲ ದಿನದ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ.

ದಿನವನ್ನು ಎರಡು ತುಂಡು ಮಾಡಿ

ಮೇ ಮೊದಲ ವಾರದಲ್ಲಿ ಸೂರ್ಯ ಈ ಮೂರು ಜಿಲ್ಲೆಗಳ ನಡುನೆತ್ತಿಯ ಮೇಲೆ ಹಾದುಹೋಗುತ್ತಾನೆ. ಬೆಳಗಾವಿ, ಬಾದಾಮಿಯಲ್ಲಿ 3ನೇ ತಾರೀಖಿನ ಸುಮಾರಿಗೆ, ವಿಜಯಪುರದಲ್ಲಿ 7ರ ಸುಮಾರಿಗೆ. ಆ ದಿನಗಳಲ್ಲಿ ನಡುಹಗಲು ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ನಮ್ಮ ಗಡಿಯಾರ ಪೂರ್ವದ ರೇಖಾಂಶವೊಂದಕ್ಕೆ ಹೊಂದಿಸಿದ್ದರಿಂದ ಇಲ್ಲಿ ನಿಜವಾದ ನಡುಹಗಲು ಬರುವುದು 12 ಗಂಟೆಗಲ್ಲ, ಸುಮಾರು 12.25ಕ್ಕೆ. ಗಾಳಿ ಅತಿ ಹೆಚ್ಚು ಕಾಯುವುದು ಅದಕ್ಕೂ ಎರಡು ಮೂರು ಗಂಟೆ ತಡವಾಗಿ. “ಹನ್ನೆರಡು ದಾಟಿತು, ಇನ್ನ ಬಿಸಿಲು ಇಳೀತದ” ಎಂದು ಎರಡೂವರೆಗೆ ಹೊರಡುವವರು ಸರಿಯಾಗಿ ಬೆಂಕಿಯ ಬಾಯಿಗೇ ಹೋಗುತ್ತಾರೆ.

ಆದ್ದರಿಂದ ಬೆಳಗಿನ ತುಂಡು 6ರಿಂದ 10.30, ಸಂಜೆಯ ತುಂಡು 4.30ರಿಂದ ಕತ್ತಲಾಗುವವರೆಗೆ. ನಡುವಿನ ಆರು ಗಂಟೆ ಸೂರಿನ ಕೆಳಗೆ: ಲಾಡ್ಜ್, ನೆಂಟರ ಮನೆ, ಛತ್ರ, ದೊಡ್ಡ ಗುಡಿಯ ಮಂಟಪ, ಯಾವುದಾದರೂ ಸರಿ. ಒಂದೇ ದಿನಕ್ಕೆ ವಿಜಯಪುರ, ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಎಂದು ಗಾಡಿ ಗೊತ್ತು ಮಾಡಿದರೆ ನಡುಹಗಲಿಗೆ ಯಾವುದೋ ಬಯಲಲ್ಲಿ ಇರಲೇಬೇಕಾಗುತ್ತದೆ. ಗಾಡಿಯವರ ಜೊತೆ ಮಾತಾಡುವಾಗಲೇ “ಹನ್ನೊಂದರಿಂದ ನಾಲ್ಕೂವರೆ ನಿಲ್ಲಿಸಬೇಕು” ಎಂದು ಹೇಳಿಬಿಡಿ. ವೇಟಿಂಗ್ ದುಡ್ಡಿನ ತಕರಾರು ಬರುವುದಿದ್ದರೆ ಅಲ್ಲಿಯೇ ಮುಗಿಯಲಿ.

ಬಸ್ಸಿನಲ್ಲಿ ವಿಜಯಪುರದಿಂದ ಬಾಗಲಕೋಟೆ ಕಡೆ ಬೆಳಗ್ಗೆ ಹೋಗಿ ಸಂಜೆ ಮರಳುವವರಿಗೆ ಸಣ್ಣ ಕಿವಿಮಾತು: ಹೋಗುವಾಗಲೂ ಬರುವಾಗಲೂ ಬಲಗಡೆ ಸೀಟು ಹಿಡಿಯಿರಿ. ದಾರಿ ತೆಂಕಣಕ್ಕೆ, ಬೆಳಗಿನ ಸೂರ್ಯ ಎಡಕ್ಕೆ. ಮರಳುವಾಗ ದಾರಿ ಬಡಗಣಕ್ಕೆ, ಇಳಿಬಿಸಿಲೂ ಎಡಕ್ಕೇ. ಬಾದಾಮಿ, ಆಲಮಟ್ಟಿ, ವಿಜಯಪುರ ಮೂರೂ ಗದಗ–ಹೋಟಗಿ ರೈಲು ಮಾರ್ಗದ ಮೇಲಿವೆ ಎಂಬುದೂ ನೆನಪಿರಲಿ. ಎಸಿ ಇಲ್ಲದ ಕ್ರೂಸರ್‌ನಲ್ಲಿ ಹನ್ನೆರಡು ಜನ ಒತ್ತಿಕೊಂಡು ಕೂರುವುದಕ್ಕಿಂತ ಬೆಳಗಿನ ರೈಲು ಎಷ್ಟೋ ತಂಪು.

ಎಲ್ಲಿಗೆ ಯಾವಾಗ

ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ನಿಲ್ಲಿ. 1656ರ ಸುಮಾರಿಗೆ ಮುಗಿದ ಈ ಕಟ್ಟಡದ ದಪ್ಪ ಗೋಡೆ ರಾತ್ರಿಯ ತಂಪನ್ನು ಬೆಳಗಿನವರೆಗೆ ಹಿಡಿದಿಟ್ಟಿರುತ್ತದೆ. ತೊಂದರೆ ಇರುವುದು ಮೂಲೆಯ ಗೋಪುರದೊಳಗಿನ ಮೆಟ್ಟಿಲಲ್ಲಿ. ಏಳು ಅಂತಸ್ತು, ಇಕ್ಕಟ್ಟು, ಕಡಿದು. ಹತ್ತುವವರೂ ಇಳಿಯುವವರೂ ಎದುರಾದರೆ ಗಾಳಿಯಾಡುವುದಿಲ್ಲ. ಜನ ತುಂಬುವ ಮೊದಲೇ ಹತ್ತಿ ಇಳಿದುಬಿಡಬೇಕು. ಪಿಸುಮಾತಿನ ಗ್ಯಾಲರಿಯಲ್ಲಿ ದನಿ ಚೆನ್ನಾಗಿ ಕೇಳುವುದೂ ಆ ಹೊತ್ತಿಗೇ, ಹತ್ತು ಗಂಟೆಯ ಗದ್ದಲದಲ್ಲಿ ಕೂಗಾಟ ಬಿಟ್ಟರೆ ಏನೂ ಕೇಳುವುದಿಲ್ಲ. ಹತ್ತುವ ಮೊದಲು ಒಂದು ಲೋಟ ನೀರು, ಎರಡು ಅಂತಸ್ತಿಗೊಮ್ಮೆ ನಿಂತು ಉಸಿರು. ಮೊಣಕಾಲು ನೋವಿನ ಆಯಿ ಕೆಳಗಿನ ಸಭಾಂಗಣದಲ್ಲೇ ಕೂತರೂ ಗುಮ್ಮಟದ ಒಳಗನ್ನು ಪೂರ್ತಿ ನೋಡಬಹುದು. ಅಲ್ಲಿಂದ ಇಬ್ರಾಹಿಂ ರೋಜಾ, ಅಲ್ಲಿಗೆ ಬೆಳಗಿನ ಪಾಳಿ ಮುಗಿಯಿತು. ಬಾರಾಕಮಾನಿಗೆ ಚಾವಣಿಯೇ ಇಲ್ಲ, ಅದು ಸಂಜೆಗೆ.

ಬಾದಾಮಿಯ ಗುಹೆಗಳಿಗೂ ಬೆಳಗೇ ಸರಿ. ಕೆಂಪು ಮರಳುಗಲ್ಲು ಎರಡು ಮೂರು ತಾಸಿನಲ್ಲಿ ಹಂಚಿನಂತೆ ಕಾಯುತ್ತದೆ, ಕಾದ ಮೇಲೆ ಸೂರ್ಯ ಮುಳುಗಿದರೂ ಬೇಗ ಆರುವುದಿಲ್ಲ. ಸಂಜೆ ಅಗಸ್ತ್ಯ ತೀರ್ಥದ ದಂಡೆಗೆ, ಭೂತನಾಥ ಗುಡಿಯ ಕಡೆಗೆ ಹೋದಾಗ ಬಂಡೆಯಿಂದ ಮುಖಕ್ಕೆ ಬಡಿಯುವ ಝಳ ಅದೇ. ಮೂರನೇ ಗುಹೆಯನ್ನು ನಿಧಾನವಾಗಿ ನೋಡಿ. ಕ್ರಿ.ಶ. 578ರ ಶಾಸನವಿರುವ ಆ ಗುಹೆಯ ವರಾಂಡ ಆಳವಾಗಿದೆ, ದೊಡ್ಡದಾಗಿದೆ, ವಿಶ್ರಾಂತಿಗೂ ಅದೇ ಜಾಗ. ಬಾದಾಮಿಯ ಮಂಗಗಳ ವಿಷಯ ಇಲ್ಲಿ ಹೇಳಲೇಬೇಕು. ಅವಕ್ಕೂ ಬೇಸಿಗೆಯೇ. ಕೈಯಲ್ಲಿ ಹಿಡಿದ ನೀರಿನ ಬಾಟಲಿ, ಮಾಜಾ ಬಾಟಲಿ, ಪ್ಲಾಸ್ಟಿಕ್ ಚೀಲ ಕಂಡರೆ ಕಸಿಯುತ್ತವೆ, ಮಗು ಹಿಡಿದಿದ್ದರೆ ಪರಚುತ್ತವೆ. ನೀರು ಬೆನ್ನಿಗೆ ಹಾಕಿದ, ಜಿಪ್ ಎಳೆದ ಚೀಲದೊಳಗಿರಲಿ. ಗುಹೆಯೊಳಗೆ ಹೋಗಿ, ಬೆನ್ನನ್ನು ಗೋಡೆಗೆ ಕೊಟ್ಟು ಕುಡಿಯಿರಿ. ಮಂಗನ ಭಯಕ್ಕೆ ನೀರನ್ನು ಗಾಡಿಯಲ್ಲೇ ಬಿಟ್ಟು ಹತ್ತುವುದು ಬಹಳ ಜನ ಮಾಡುವ ತಪ್ಪು.

ಪಟ್ಟದಕಲ್ಲು, ಐಹೊಳೆಗೆ ಇನ್ನೊಂದು ಬೆಳಗನ್ನು ಕೊಡಿ. ಪಟ್ಟದಕಲ್ಲಿನ ಗುಡಿಗಳು ಬಯಲ ಹುಲ್ಲುಹಾಸಿನ ಮೇಲಿವೆ, ಗುಡಿಯಿಂದ ಗುಡಿಗೆ ಹೋಗುವಾಗ ಮರದ ನೆರಳು ಕಡಿಮೆ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಸಭಾಮಂಟಪ ಮಾತ್ರ ಉರಿಬಿಸಿಲಲ್ಲೂ ತಂಪು. ಹೊರಗಿನ ಚಿಕ್ಕ ಗುಡಿಗಳನ್ನು ಮೊದಲು ಮುಗಿಸಿ, ಬಿಸಿಲೇರಿದಂತೆ ಇದರೊಳಗೆ ಬನ್ನಿ. ಇಲ್ಲಿ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ. ಐಹೊಳೆಯ ದುರ್ಗ ಗುಡಿಯ ಸುತ್ತಲಿನ ಕಂಬಸಾಲಿನ ಪ್ರದಕ್ಷಿಣಾಪಥದಲ್ಲಿ ಒಂದಲ್ಲ ಒಂದು ಬದಿಗೆ ನೆರಳಿದ್ದೇ ಇರುತ್ತದೆ. ಮೇಗುತಿ ಗುಡ್ಡ ಬೋಳು. ರವಿಕೀರ್ತಿಯ 634ರ ಶಾಸನ ನೋಡುವ ಆಸೆ ಇದ್ದವರು ಎಂಟರೊಳಗೆ ಹತ್ತಿ ಇಳಿಯಿರಿ, ಇಲ್ಲದಿದ್ದರೆ ಮಳೆಗಾಲ ಮುಗಿದ ಮೇಲೆ ಬನ್ನಿ.

ಆಲಮಟ್ಟಿ ಪೂರ್ತಿ ಸಂಜೆಯ ಜಾಗ. ರಾಕ್ ಗಾರ್ಡನ್ನಿನ ಕಲ್ಲು, ಸಿಮೆಂಟು, ಕಬ್ಬಿಣ ಎಲ್ಲವೂ ಹಗಲೆಲ್ಲ ಕಾದಿರುತ್ತವೆ. ನಾಲ್ಕೂವರೆಗೆ ಮೊದಲು ಒಳಗೆ ಹೋಗುವುದರಲ್ಲಿ ಅರ್ಥವಿಲ್ಲ. ಜಾರುಬಂಡೆ, ಜೋಕಾಲಿಯ ಸರಪಳಿ, ಬೆಂಚು ಯಾವುದಕ್ಕೇ ಆಗಲಿ ಮಗುವನ್ನು ಕೂರಿಸುವ ಮುಂಚೆ ಅಂಗೈ ಹಿಂಬದಿಯನ್ನು ಐದು ಎಣಿಸುವವರೆಗೆ ಒತ್ತಿ ಹಿಡಿಯಿರಿ. ನಿಮಗೆ ತಡೆಯಲಾಗದಿದ್ದರೆ ಮಗುವಿನ ತೊಡೆಗೆ ಬೊಬ್ಬೆ ಬರುತ್ತದೆ. ಸಂಗೀತ ಕಾರಂಜಿ ಕತ್ತಲಾದ ಮೇಲೆ; ಅಂದಿನ ಹೊತ್ತನ್ನು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಂಡರೆ ಸುಮ್ಮನೆ ಕಾಯುವುದು ತಪ್ಪುತ್ತದೆ.

ಮೇ ತಿಂಗಳ ಸಂಜೆ ಗುಡುಗು ಮಳೆಯೂ ಬರಬಹುದು. ಗುಡುಗು ಕೇಳಿಸಿತೆಂದರೆ ಮರದ ಕೆಳಗೆ, ಗುಡ್ಡದ ನೆತ್ತಿಯಲ್ಲಿ, ನೀರಿನ ದಂಡೆಯಲ್ಲಿ ನಿಲ್ಲಬೇಡಿ. ಗಾಡಿಯೊಳಗೆ ಅಥವಾ ಪಕ್ಕಾ ಕಟ್ಟಡದೊಳಗೆ ಹೋಗಿ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಇದೆ. ಮಳೆಯ ಮರುದಿನ ಗಾಳಿ ಹಸಿಯಾಗಿ ಬೆವರು ಆರದು, 38 ಡಿಗ್ರಿಯೂ 41ರಂತೆ ಕಾಡುತ್ತದೆ.

ನೀರಿನ ಲೆಕ್ಕ

ತಿರುಗಾಡುವ ಹೊತ್ತಿನಲ್ಲಿ ದೊಡ್ಡವರಿಗೆ 20 ನಿಮಿಷಕ್ಕೆ ಒಂದು ಸಣ್ಣ ಲೋಟ, ಎಂದರೆ 200 ಮಿ.ಲೀ. ಎಂಟು ಹತ್ತು ವರ್ಷದ ಮಕ್ಕಳಿಗೆ 120, ನಿಧಾನ ನಡೆಯುವ ಹಿರಿಯರಿಗೆ 150. ಬೆಳಗಿನ ನಾಲ್ಕೂವರೆ, ಸಂಜೆಯ ಎರಡು ಗಂಟೆ ಸೇರಿಸಿದರೆ ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬ ಆಯಿ ಇರುವ ಮನೆಗೆ ಕುಡಿಯಲಿಕ್ಕೇ ಸುಮಾರು 15 ಲೀಟರ್ ಆಯಿತು. ಬಟ್ಟೆ ತೋಯಿಸಲು, ಮುಖ ತೊಳೆಯಲು ಬೇರೆ. ಆದ್ದರಿಂದ ಗಾಡಿಯಲ್ಲಿ 20 ಲೀಟರಿನ ಕ್ಯಾನ್ ಒಂದು ಇರಲೇಬೇಕು, ಹೆಗಲ ಚೀಲದಲ್ಲಿ ತಲೆಗೊಂದು ಲೀಟರ್ ಬಾಟಲಿ. ಮೊಬೈಲಿನಲ್ಲಿ 20 ನಿಮಿಷದ ಅಲಾರ್ಮ್ ಇಟ್ಟು ಒಬ್ಬರು ಅದರ ಜವಾಬ್ದಾರಿ ಹೊರಲಿ. ಹೃದಯ, ಮೂತ್ರಪಿಂಡದ ಕಾಯಿಲೆಗೆ ನೀರು ಮಿತಿ ಮಾಡಿದವರು, ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಬೇಕು. ಮಾತ್ರೆಯನ್ನು ತಾವಾಗಿ ಬಿಡಬಾರದು.

ಹೆಣ್ಣುಮಕ್ಕಳು ನೀರು ಕುಡಿಯದೇ ಇರುವುದಕ್ಕೆ ನಿಜವಾದ ಕಾರಣ ಬಿಸಿಲಲ್ಲ, ಶೌಚಾಲಯ. “ಎಲ್ಲಿ ಹೋಗೂದು” ಎಂಬ ಚಿಂತೆಗೆ ಬೆಳಗ್ಗೆಯಿಂದ ಒಂದು ಗುಟುಕೂ ಕುಡಿಯದ ಅವ್ವಂದಿರು, ಅಕ್ಕಂದಿರು ಮಧ್ಯಾಹ್ನಕ್ಕೆ ತಲೆಸುತ್ತಿ ಕೂರುತ್ತಾರೆ. ಇದಕ್ಕೆ ಉಪದೇಶ ಸಾಲದು, ಏರ್ಪಾಡು ಬೇಕು. ಒಳಗೆ ಹೋದ ಮೇಲೆ ಹುಡುಕುವುದಲ್ಲ, ಟಿಕೆಟ್ ತೆಗೆಸುವಾಗಲೇ ಶೌಚಾಲಯ ಎಲ್ಲಿ ಎಂದು ಕೇಳಿ, ಹೋಗಿ ಬಂದೇ ಮುಂದೆ ಸಾಗಿ. ದಾರಿಯಲ್ಲಿ ಒಂದೂವರೆ ಗಂಟೆಗೊಮ್ಮೆ ಪೆಟ್ರೋಲ್ ಬಂಕ್ ಅಥವಾ ಬಸ್ ನಿಲ್ದಾಣದಲ್ಲಿ ಗಾಡಿ ನಿಲ್ಲಿಸುವುದನ್ನು ಗಂಡಸರೇ ಬಾಯಿಬಿಟ್ಟು ಹೇಳಬೇಕು, ಕೇಳಿಸಿಕೊಳ್ಳಲು ಕಾಯಬಾರದು.

ಬರೀ ನೀರಿನಿಂದ ಹೋದ ಉಪ್ಪು ಮರಳುವುದಿಲ್ಲ. ಗಂಟೆಗಟ್ಟಲೆ ಬೆವರಿ ಲೀಟರ್‌ಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ನಮ್ಮ ಮಜ್ಜಿಗೆಗೆ ಸಮ ಯಾವುದೂ ಇಲ್ಲ: ಕಾಲು ಲೀಟರ್ ಮೊಸರು ಕಡೆದು, ಮುಕ್ಕಾಲು ಲೀಟರ್ ನೀರು, ಅರ್ಧ ಚಮಚ ಉಪ್ಪು, ಚಿಟಿಕೆ ಜೀರಿಗೆ ಪುಡಿ, ಜಜ್ಜಿದ ಶುಂಠಿ, ಕೊತ್ತಂಬರಿ. ಥರ್ಮಾಸ್‌ನಲ್ಲಿ ತಣ್ಣಗಿದ್ದರೆ ಮಾತ್ರ ಮಧ್ಯಾಹ್ನದವರೆಗೆ ಇಡಿ, ಹೊರಗಿನ ಬಾಟಲಿಯಲ್ಲಿ ಹುಳಿಯುತ್ತದೆ.

ಓಆರ್‌ಎಸ್ ಪುಡಿ ಐದಾರು ಪೊಟ್ಟಣ ಜೊತೆಗಿರಲಿ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರಬೇಕು. ಒಂದು ಲೀಟರಿಗೆ 20.5 ಗ್ರಾಂ ಪುಡಿ. ಇಲ್ಲಿ ಆಗುವ ತಪ್ಪು ಒಂದೇ, ಆದರೆ ದೊಡ್ಡದು: ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಮಗುವಿಗೆ ಕೊಡುವುದು. ಗಟ್ಟಿಯಾದ ಉಪ್ಪುನೀರು ಮೈಯಿಂದ ಇನ್ನಷ್ಟು ನೀರು ಎಳೆಯುತ್ತದೆ. ಲೀಟರ್ ಬಾಟಲಿಯಲ್ಲೇ ಪೂರ್ತಿ ಪೊಟ್ಟಣ ಕದಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಸಮಮಟ್ಟಕ್ಕೆ ತೀಡಿದ್ದು. ಅಂಗಡಿಯ ಡಬ್ಬಿಯ ಹಣ್ಣಿನ ಪಾನೀಯಗಳು ಓಆರ್‌ಎಸ್ ಅಲ್ಲ, ಅವುಗಳಲ್ಲಿ ಸಕ್ಕರೆಯೇ ಹೆಚ್ಚು.

ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಪದೇ ಪದೇ ಕೊಡಿ, ತಾಯಿ ಹೆಚ್ಚು ಕುಡಿಯಲಿ. ಅಷ್ಟು ಸಣ್ಣ ಕೂಸನ್ನು ಈ ತಿರುಗಾಟಕ್ಕೆ ಕರೆತರದಿರುವುದೇ ಒಳ್ಳೆಯದು. ಕಬ್ಬಿನ ಹಾಲು ಕುಡಿಯುವಾಸೆಯಾದರೆ ಬರ್ಫ ಹಾಕಿಸಬೇಡಿ. ಗಾಣ ಸ್ವಚ್ಛವಿದ್ದರೂ ಬರ್ಫ ಯಾವ ನೀರಿನದೋ. ಮನೆಯಿಂದ ಬಾಟಲಿಯಲ್ಲೇ ನೀರು ಗಟ್ಟಿ ಮಾಡಿ ತರುವವರು ಮುಕ್ಕಾಲು ಮಾತ್ರ ತುಂಬಿ, ಹೆಪ್ಪುಗಟ್ಟಿದ ನೀರು ಹಿಗ್ಗಿ ಬಾಟಲಿ ಒಡೆಯುತ್ತದೆ.

ತೋಯಿಸಿದ ವಸ್ತ್ರ

ಒಣ ಗಾಳಿ ನಮ್ಮ ವೈರಿ, ಸರಿಯಾಗಿ ಬಳಸಿದರೆ ಅದೇ ನಮ್ಮ ನೆಂಟ. ಹತ್ತಿಯ ಟಾವೆಲನ್ನು ತೋಯಿಸಿ ಹಿಂಡಿ ಕುತ್ತಿಗೆಗೆ ಸುತ್ತಿಕೊಂಡರೆ ನೀರು ಆರುವಾಗ ಮೈಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ಹರವಿಯ ನೀರು ತಂಪಾಗುವ ಉಪಾಯವೇ ಇದು. ವಿಜಯಪುರದ ಗಾಳಿಯಲ್ಲಿ ಅರ್ಧ ತಾಸಿನೊಳಗೆ ಆರುತ್ತದೆ, ಮತ್ತೆ ತೋಯಿಸಿ. ಗಾಳಿ 40 ಡಿಗ್ರಿ ದಾಟಿದಾಗ ಬರೀ ಫ್ಯಾನು, ಬೀಸಣಿಗೆ ಒಣ ಮೈಗೆ ಬಿಸಿಗಾಳಿಯನ್ನೇ ಬಡಿಯುತ್ತದೆ, ಹಿರಿಯರಿಗೆ ಅದು ಕೆಡುಕು. ಮೊದಲು ಮೈ ಒರೆಸಿ ಒದ್ದೆ ಮಾಡಿ, ಆಮೇಲೆ ಗಾಳಿ ಬೀಸಿ.

ಬಟ್ಟೆ ಬಿಳಿ ಅಥವಾ ತಿಳಿಬಣ್ಣದ, ಸಡಿಲ, ತುಂಬುತೋಳಿನ ಹತ್ತಿಯದಿರಲಿ. ಗಾಂಧಿ ಟೋಪಿ ಚೆಂದ, ಆದರೆ ಕಿವಿ, ಕುತ್ತಿಗೆ ಮುಚ್ಚುವುದಿಲ್ಲ. ರುಮಾಲು ಸುತ್ತಿದ ಹೊಲದ ಅಜ್ಜಂದಿರೇ ಇಲ್ಲಿ ಸರಿ. ಮಕ್ಕಳಿಗೆ ಸುತ್ತಲೂ ಅಂಚಿರುವ ಟೊಪ್ಪಿಗೆ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30ಕ್ಕೆ ಕಡಿಮೆ ಬೇಡ, ಬಿಸಿಲಿಗೆ ಹೋಗುವ ಕಾಲು ಗಂಟೆ ಮೊದಲು, ಮತ್ತೆ ಎರಡು ಗಂಟೆಗೊಮ್ಮೆ.

ಚಪ್ಪಲಿ ಬಿಡುವ ಕಡೆಗೆ ದಪ್ಪ ಹತ್ತಿಯ ಕಾಲುಚೀಲ ಚೀಲದಲ್ಲಿರಲಿ. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಕಲ್ಲಿನ ಬಿಸಿ ಗೊತ್ತಾಗುವುದೇ ಇಲ್ಲ, ಲಾಡ್ಜಿಗೆ ಬಂದು ನೋಡಿದರೆ ಬೊಬ್ಬೆ ಎದ್ದಿರುತ್ತದೆ. ಅವರಂತೂ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಲೇಬಾರದು.

ಬುತ್ತಿ

ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ ಈ ಬಿಸಿಲಿಗೇ ಹುಟ್ಟಿದ ಬುತ್ತಿ, ಒಣಗಿದ್ದರೆ ಹಲವು ದಿನ ಇಟ್ಟರೂ ಕೆಡವು. ಚಿತ್ರಾನ್ನ, ಪಲ್ಯ, ಹಸಿ ತೆಂಗಿನ ಚಟ್ನಿ 40 ಡಿಗ್ರಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡುವಂಥವಲ್ಲ. ಸೌತಿಕಾಯಿ, ಉಳ್ಳಾಗಡ್ಡಿ, ಕಲ್ಲಂಗಡಿ ಇಡಿಯಾಗಿ ಒಯ್ದು ತಿನ್ನುವಾಗ ಹೆಚ್ಚಿ. ಉಳ್ಳಾಗಡ್ಡಿ ತಿನ್ನಿ, ಕಿಸೆಯಲ್ಲಿಟ್ಟರೆ ಬಿಸಿಲು ಹೊಡೆಯದು ಎಂಬುದನ್ನು ಮಾತ್ರ ನಂಬಿ ಕೂರಬೇಡಿ. ಬಾದಾಮಿಗೆ ಹೋದವರಿಗೆ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಕೊಡುವ ರೊಟ್ಟಿ, ಸಣ್ಣ ಗಡಿಗೆಯ ಗಟ್ಟಿ ಮೊಸರು ಸಿಗುತ್ತದೆ. ಬೆಳಗಿನ ಪಾಳಿ ಮುಗಿಸಿ ಬಂದವರಿಗೆ ಅದಕ್ಕಿಂತ ಒಳ್ಳೆಯ ಊಟ ಬೇಕಿಲ್ಲ.

ಗಾಡಿ

ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗು ಹತ್ತೇ ನಿಮಿಷದಲ್ಲಿ ಹೊರಗಿಗಿಂತ ಸುಮಾರು 10 ಡಿಗ್ರಿ, ಒಂದು ಗಂಟೆಯಲ್ಲಿ 20ಕ್ಕೂ ಹೆಚ್ಚು ಏರುತ್ತದೆ. ಗಾಜು ಎರಡು ಬೆರಳು ಇಳಿಸಿದರೆ ಏನೂ ಪ್ರಯೋಜನವಿಲ್ಲ. ನಿದ್ದೆ ಹೋದ ಮಗುವನ್ನು, ಕಾಲು ನೋಯುತ್ತದೆ ಎಂದ ಅಜ್ಜನನ್ನು “ಐದು ನಿಮಿಷ” ಎಂದು ಕೂಡ ಒಳಗೆ ಬಿಟ್ಟು ಹೋಗಬಾರದು. ಹತ್ತುವ ಮುಂಚೆ ಎದುರುಬದುರು ಬಾಗಿಲು ತೆರೆದು ಎರಡು ನಿಮಿಷ ಬಿಡಿ, ಸೀಟಿನ ಮೇಲೆ, ಬೆಲ್ಟಿನ ಬಕ್ಕಲಿನ ಮೇಲೆ ಟಾವೆಲ್ ಹಾಸಿರಿ. ಲೈಟರ್, ಸೆಂಟಿನ ಡಬ್ಬಿ, ಪವರ್ ಬ್ಯಾಂಕ್ ಡ್ಯಾಶ್‌ಬೋರ್ಡಿನ ಮೇಲೆ ಬೇಡ. ಇನ್ಸುಲಿನ್ ಗಾಡಿಯಲ್ಲಿ ಉಳಿಯಬಾರದು, ಬರ್ಫಕ್ಕೂ ನೇರ ತಗುಲಬಾರದು. ಒದ್ದೆ ಬಟ್ಟೆ ಸುತ್ತಿದ ಸಣ್ಣ ಗಡಿಗೆಯೊಳಗೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ಯಿರಿ. ಬೇಸಿಗೆ ಎಂದು ಟಾಯರಿನ ಗಾಳಿ ಕಡಿಮೆ ಮಾಡಿಸುವವರಿದ್ದಾರೆ. ಅದು ಉಲ್ಟಾ: ಗಾಳಿ ಕಡಿಮೆಯಾದ ಟಾಯರ್ ಹೆಚ್ಚು ಮಡಚಿ ಹೆಚ್ಚು ಕಾದು ಸಿಡಿಯುತ್ತದೆ. ಬೆಳಗ್ಗೆ ಟಾಯರ್ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ತುಂಬಿಸಿ.

ಯಾರಾದರೂ ಕುಸಿದರೆ

ಮೂತ್ರದ ಬಣ್ಣ ನೋಡುವುದು ಎಲ್ಲಕ್ಕಿಂತ ಮೊದಲ ಗುರುತು. ತಿಳಿ ಹುಲ್ಲಿನ ಬಣ್ಣವಾದರೆ ಸರಿ, ಕಡು ಹಳದಿಯಾದರೆ ನೀರು ಸಾಲದು. ಮಗು ಆರು ಗಂಟೆ ಮೂತ್ರ ಮಾಡಿಲ್ಲವೆಂದರೆ ತಿರುಗಾಟ ನಿಲ್ಲಿಸಿ.

ಮೀನಖಂಡ, ಹೊಟ್ಟೆ ಸೆಡೆತ ಬಂದರೆ ನೆರಳು, ಉಪ್ಪಿನ ಮಜ್ಜಿಗೆ, ಸ್ನಾಯುವನ್ನು ಮೆಲ್ಲಗೆ ಚಾಚುವುದು. ತಲೆಸುತ್ತು, ವಾಕರಿಕೆ, ತಣ್ಣನೆಯ ಬೆವರು, ಮುಖ ಬಿಳಿಚುವುದು ಬಳಲಿಕೆಯ ಗುರುತು: ನೆರಳಿಗೆ ಒಯ್ದು ಮಲಗಿಸಿ, ಕಾಲು ಒಂದಡಿ ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಆಸ್ಪತ್ರೆಗೆ.

ಮಾತು ತೊದಲಿದರೆ, ಅಡ್ಡಾದಿಡ್ಡಿ ಮಾತಾಡಿದರೆ, ನಡಿಗೆ ತೂರಾಡಿದರೆ, ಸೆಳವು ಬಂದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಹೊಡೆತ, ಜೀವಕ್ಕೆ ಕುತ್ತು. ಮೈ ಒಣಗಿ ಸುಡುತ್ತಿರಬಹುದು, ಬೆವರುತ್ತಲೂ ಇರಬಹುದು, ಬೆವರಿದೆ ಎಂದು ಸಮಾಧಾನ ಪಡಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಅಲ್ಲಿಯೇ ತಂಪು ಮಾಡಲು ಶುರು ಮಾಡಲಿ. ಮೇಲಿನ ಬಟ್ಟೆ ತೆಗೆದು ಕ್ಯಾನಿನ ನೀರನ್ನೆಲ್ಲ ಮೈಮೇಲೆ ಸುರಿಯುತ್ತ ಬೀಸಿ. ಬರ್ಫ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ, ಮಗ್ಗುಲಿಗೆ ಮಲಗಿಸಿ. ಜ್ವರದ ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಸುತ್ತ ನಿಂತ ಜನರನ್ನು ಸರಿಸಿ, ಗಾಳಿ ಬರಲಿ. ಆಂಬ್ಯುಲೆನ್ಸ್ ತಡವೆಂದು ನಿಮ್ಮ ಗಾಡಿಯಲ್ಲೇ ಹೊರಟರೂ ಕಿಟಕಿ ತೆರೆದು, ದಾರಿಯುದ್ದಕ್ಕೂ ನೀರು ಹಾಕುತ್ತಲೇ ಹೋಗಿ.

ಬರೀ ಬಳಲಿಕೆಯಾಗಿ ಸಂಜೆಗೆ ಗೆಲುವಾದವರು ಕೂಡ ಮರುದಿನ ಬೇಗ ದಣಿಯುತ್ತಾರೆ, ಬಿಸಿಲು ಅವರನ್ನು ಮತ್ತೆ ಸುಲಭವಾಗಿ ಹಿಡಿಯುತ್ತದೆ. ಅವರನ್ನು ಮರುದಿನದ ಗುಡ್ಡಕ್ಕೆ ಹತ್ತಿಸಬೇಡಿ. ಒಬ್ಬರು ಜೊತೆಗೆ ಲಾಡ್ಜಿನಲ್ಲೇ ಉಳಿಯಿರಿ, ಸಂಜೆ ಕಾರಂಜಿಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೋದರಾಯಿತು.